ಮೂರು ಮೀಟರ್ ಕಡಿಮೆಯಾಗಿದ್ದ ಅಂಬಿಲಿಕಲ್: ಮುಂಬಯಿ ಕಡಲಾಚೆಯ ಒಂದು ಡೈವಿಂಗ್ ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ತೈಲಕ್ಷೇತ್ರದಲ್ಲಿ, ಒಂದು ಪ್ಲಾಟ್‌ಫಾರ್ಮ್‌ನ ಜಾಕೆಟ್ ಮೇಲೆ, ಎಂದರೆ ಅದನ್ನು ಹೊತ್ತು ನಿಂತ ನೀರಿನೊಳಗಿನ ಉಕ್ಕಿನ ಚೌಕಟ್ಟಿನ ಮೇಲೆ, 30 ಮೀಟರ್ ಆಳದಲ್ಲಿ ಕೆಲಸ ಮಾಡುತ್ತಿದ್ದ ಡೈವರ್ ಒಬ್ಬರು ಹತ್ತು ನಿಮಿಷ ಸಿಕ್ಕಿಕೊಂಡಿದ್ದು, ಬಿಡಿಸಿಕೊಂಡು ಮೇಲೆ ಬಂದರು. ಇಂಥ ಘಟನೆಗಳು ಸಾಮಾನ್ಯವಾಗಿ ಒಂದು ಪುಟದ ವರದಿಯಲ್ಲಿ ಮುಗಿದುಹೋಗುತ್ತವೆ. ಇದನ್ನು ಉದ್ದವಾಗಿ ಬರೆಯಲು ಕಾರಣವೊಂದಿದೆ. ಅಂದು ಹಡಗಿನಲ್ಲಿದ್ದ ಪ್ರತಿಯೊಂದು ಉಪಕರಣಕ್ಕೂ ಚಾಲ್ತಿಯಲ್ಲಿರುವ ಪ್ರಮಾಣಪತ್ರವಿತ್ತು, ಮತ್ತು ಆ ಪ್ರಮಾಣಪತ್ರಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆದರೂ ಡೈವರ್‌ನ ಜೀವ ಅವಲಂಬಿಸಿದ್ದ ಎರಡು ಸಂಖ್ಯೆಗಳು, ಅಂದರೆ ಹಡಗಿನಿಂದ ಡೈವರ್‌ಗೆ ಗಾಳಿಯ ಹೋಸ್, ಮಾತಿನ ತಂತಿಗಳನ್ನು ಒಯ್ಯುವ ಕಟ್ಟಾದ ಅಂಬಿಲಿಕಲ್‌ನ ಉದ್ದ ಮತ್ತು ಒಂದು ಒತ್ತಡ, ತಪ್ಪಾಗಿದ್ದವು. ಗುತ್ತಿಗೆದಾರ ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಲ್ಲ. ತನಿಖಾ ತಂಡದಲ್ಲಿ ಹೊರಗಿನ ಸದಸ್ಯನಾಗಿ ಕುಳಿತಿದ್ದವನ ನೆಲೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ಬಾಂಬೆ ಹೈ ಪ್ರದೇಶದಲ್ಲಿ ನೀರಿನ ಆಳ 75 ಮೀಟರ್ ಆಸುಪಾಸಿನಲ್ಲಿದೆ. ಸಮುದ್ರತಳದ ಪೈಪ್‌ಲೈನ್ ಕೆಲಸಗಳಿಗೆ ಸ್ಯಾಚುರೇಶನ್ ಡೈವಿಂಗ್, ಎಂದರೆ ಡೈವರ್‌ಗಳು ದಿನಗಟ್ಟಲೆ ಒತ್ತಡದ ಚೇಂಬರ್‌ನಲ್ಲೇ ಉಳಿದು ಮಾಡುವ ಡೈವಿಂಗ್, ಬೇಕಾಗುತ್ತದೆ. ಆದರೆ ಜಾಕೆಟ್‌ನ ಮೇಲ್ಭಾಗದ ತಪಾಸಣೆ, ನೀಲಿಕಲ್ಲು, ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಕೆರೆದು ಬೆಸುಗೆಯನ್ನು ಪರೀಕ್ಷಿಸುವುದು, ಉಕ್ಕಿಗೆ ತುಕ್ಕು ಹಿಡಿಯದಂತೆ ಅಳವಡಿಸಿದ ಆನೋಡ್ ಎಂಬ ಲೋಹದ ತುಂಡುಗಳ ಸ್ಥಿತಿ ನೋಡುವುದು ಇಂಥ ಕೆಲಸಗಳನ್ನು ಹಡಗಿನಿಂದ ಗಾಳಿ ಪೂರೈಸುವ ಏರ್ ಡೈವಿಂಗ್‌ನಲ್ಲೇ ಮುಗಿಸುತ್ತಾರೆ. ಇದಕ್ಕೆ ಅಂತರರಾಷ್ಟ್ರೀಯ ಗುತ್ತಿಗೆದಾರರ ಸಂಘಟನೆಯಾದ ಇಮ್ಕಾ ಇಟ್ಟಿರುವ ಮಿತಿ 50 ಮೀಟರ್. ಅದೇ ಸಂಘಟನೆಯ ಡಿ 014 ಸಂಹಿತೆಯ ಪ್ರಕಾರ ಕನಿಷ್ಠ ತಂಡವೆಂದರೆ ಐವರು: ಸೂಪರ್‌ವೈಸರ್, ಡೈವರ್, ಅಪಾಯವಾದರೆ ಇಳಿಯಲು ಸಿದ್ಧನಿರುವ ಸ್ಟ್ಯಾಂಡ್‌ಬೈ ಡೈವರ್ ಮತ್ತು ಇಬ್ಬರ ಅಂಬಿಲಿಕಲ್ಲನ್ನೂ ಮೇಲಿನಿಂದ ನೋಡಿಕೊಳ್ಳಲು ಒಬ್ಬೊಬ್ಬ ಟೆಂಡರ್. ಭಾರತದಲ್ಲಿ ಕಡಲಾಚೆಯ ತೈಲ ಕಾರ್ಯಾಚರಣೆಗಳ ಸುರಕ್ಷತೆಗೆ 2008ರ ನಿಯಮಗಳಿವೆ, ಅವುಗಳ ಜಾರಿಯ ಹೊಣೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ್ದು. ಡೈವಿಂಗ್ ಉಪಕರಣಗಳ ದೈನಂದಿನ ವ್ಯವಹಾರದಲ್ಲಿ ಮಾತ್ರ ಗ್ರಾಹಕ ಕಂಪನಿಯ ಪ್ರತಿನಿಧಿಯಿಂದ ಟೆಂಡರ್‌ವರೆಗೆ ಎಲ್ಲರ ಬಾಯಲ್ಲೂ ಇಮ್ಕಾ ದಾಖಲೆಗಳ ಸಂಖ್ಯೆಗಳೇ ಓಡಾಡುತ್ತವೆ.

ಈ ಹಡಗಿನ ಡೈವಿಂಗ್ ತಂಡದಲ್ಲಿ ಕರಾವಳಿಯವರೇ ಹೆಚ್ಚಿದ್ದರು. ಸೂಪರ್‌ವೈಸರ್ ಕುಂದಾಪುರದ ಕಡೆಯವರು, ನೌಕಾಪಡೆಯಲ್ಲಿ ಡೈವರ್ ಆಗಿದ್ದು ನಿವೃತ್ತರಾಗಿ ಈ ಉದ್ಯೋಗಕ್ಕೆ ಬಂದವರು. ನೀರಿಗಿಳಿದವರು ಕಾರವಾರದವರು, ಸ್ಟ್ಯಾಂಡ್‌ಬೈ ಡೈವರ್ ಹೊನ್ನಾವರದ ಹುಡುಗ, ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಟೆಕ್ನೀಶಿಯನ್ ಅಂಕೋಲಾದವರು ಮತ್ತು ಬಹಳ ಕಾಲದಿಂದ ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡವರು. ರೇಡಿಯೋದಲ್ಲಿ ಇಂಗ್ಲಿಷ್ ಮತ್ತು ಹಿಂದಿ ನಡೆಯುತ್ತಿದ್ದರೂ ಅವಸರದ ಮಾತು ಕನ್ನಡಕ್ಕೆ ತಿರುಗುತ್ತಿತ್ತು ಎಂಬುದು ಡೈವ್ ಕಂಟ್ರೋಲ್‌ನ ಧ್ವನಿಮುದ್ರಿಕೆಯಲ್ಲಿ ಕೇಳುತ್ತದೆ. ನಾವು ನಿಮಿಷಗಳ ಲೆಕ್ಕ ಹಾಕಿದ್ದು ಆ ಮುದ್ರಿಕೆಯಿಂದಲೇ.

ಹಡಗು ಡಿಪಿ ಹಡಗಾಗಿತ್ತು. ಎಂದರೆ ಲಂಗರು ಹಾಕದೆ, ಕಂಪ್ಯೂಟರ್ ನಿಯಂತ್ರಣದ ಥ್ರಸ್ಟರ್ ಎಂಬ ಪ್ರೊಪೆಲರ್‌ಗಳ ಬಲದಿಂದ ಒಂದೇ ಜಾಗದಲ್ಲಿ ನಿಲ್ಲುವಂಥದ್ದು. ಇಂಥ ಹಡಗಿನಿಂದ ಡೈವಿಂಗ್ ಮಾಡುವಾಗಿನ ಅತಿ ದೊಡ್ಡ ಭಯವೆಂದರೆ ಡೈವರ್ ಅಥವಾ ಅವನ ಅಂಬಿಲಿಕಲ್ ತಿರುಗುತ್ತಿರುವ ಥ್ರಸ್ಟರ್‌ಗೆ ಸಿಗುವುದು. ಆದ್ದರಿಂದ ಡೈವರ್‌ನನ್ನು ಬಾಸ್ಕೆಟ್‌ನಲ್ಲಿ ಕೆಲಸದ ಆಳಕ್ಕೆ ಇಳಿಸಿ, ಬಾಸ್ಕೆಟ್‌ನಿಂದಾಚೆಗೆ ಅವನ ಅಂಬಿಲಿಕಲ್ ಎಷ್ಟು ಉದ್ದ ಹೋಗಬಹುದು ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಆ ಗುರುತಿನಲ್ಲಿ ಬಿಗಿಯಾಗಿ ಕಟ್ಟಿಬಿಡುತ್ತಾರೆ. ಡೈವರ್ ಎಷ್ಟೇ ಎಳೆದರೂ ಅತಿ ಹತ್ತಿರದ ಥ್ರಸ್ಟರ್‌ಗಿಂತ 5 ಮೀಟರ್ ಈಚೆಗೇ ನಿಲ್ಲಬೇಕು. ಸ್ಟ್ಯಾಂಡ್‌ಬೈ ಡೈವರ್‌ನ ಅಂಬಿಲಿಕಲ್ ಮಾತ್ರ ಇದಕ್ಕಿಂತ 2 ಮೀಟರ್ ಉದ್ದವಿರಬೇಕು, ಏಕೆಂದರೆ ಸಿಕ್ಕಿಕೊಂಡವನನ್ನು ಮುಟ್ಟಿ, ಅವನ ಆಚೆ ಬದಿಗೂ ಹೋಗಿ ಕೆಲಸ ಮಾಡಲು ಅವನಿಗೆ ಅವಕಾಶ ಬೇಕು. ಅಂದಿನ ಯೋಜನೆಯಲ್ಲಿ ಡೈವರ್‌ಗೆ 22 ಮೀಟರ್, ಸ್ಟ್ಯಾಂಡ್‌ಬೈಗೆ 24 ಮೀಟರ್ ಎಂದು ಬರೆದಿತ್ತು. ಅಂಬಿಲಿಕಲ್‌ಗಳ ಮೇಲೆ ಡೈವರ್ ತುದಿಯಿಂದ ಅಳೆದು ಸುತ್ತಿದ ಬಣ್ಣದ ಟೇಪಿನ ಗುರುತುಗಳನ್ನು ನೋಡಿಯೇ ಎರಡನ್ನೂ ಕಟ್ಟಲಾಗಿತ್ತು.

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲಿನ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಅದು. ಡೈವರ್ ನೀರಿಗಿಳಿದ ಹದಿಮೂರನೆಯ ನಿಮಿಷದ ಹೊತ್ತಿಗೆ ಜಾಕೆಟ್‌ನ ಒಂದು ಅಡ್ಡತೊಲೆಯ ತುದಿಯಲ್ಲಿ, ತಮ್ಮ 22 ಮೀಟರ್ ಅವಕಾಶದ ಕೊನೆಯಲ್ಲಿದ್ದರು. ಪ್ರವಾಹ ದಿಕ್ಕು ಬದಲಿಸಿ ಅಂಬಿಲಿಕಲ್‌ನ ಸಡಿಲ ಭಾಗವನ್ನು ಪಕ್ಕಕ್ಕೆ ಎಳೆಯಿತು. ಹಳೆಯ ಆನೋಡ್ ಒಂದರ ಉಳಿದಿದ್ದ ಕಬ್ಬಿಣದ ಕೊಕ್ಕೆಗೆ ಅದು ಡೈವರ್‌ನ ಬೆನ್ನ ಹಿಂದೆ, ಹಾರ್ನೆಸ್‌ಗೆ ಕಟ್ಟಿದ ಜಾಗದಿಂದ ಮೊಳ ದೂರದಲ್ಲಿ, ಸುತ್ತಿಕೊಂಡು ಬಿಗಿಯಿತು. ಸಿಕ್ಕಿಕೊಂಡ ಅಂಬಿಲಿಕಲ್ಲನ್ನು ಹಿಡಿದು ಹಿಂದಕ್ಕೆ ಹೋಗಿ ಬಿಡಿಸಿಕೊಳ್ಳುವುದು ಪ್ರತಿ ಡೈವರ್ ಕಲಿತ ಮೊದಲ ಪಾಠ. ಆದರೆ ಇಲ್ಲಿ ತೊಡಕು ಬೆನ್ನಿಗೇ ಅಂಟಿದ್ದರಿಂದ ತಿರುಗಲೂ ಆಗಲಿಲ್ಲ, ಹಿಂದಕ್ಕೆ ಕೈಯೂ ಎಟಕಲಿಲ್ಲ. ಎರಡು ನಿಮಿಷ ಪ್ರಯತ್ನಿಸಿದರು. ಅಷ್ಟರಲ್ಲಿ ಕೊಕ್ಕೆಯ ಅಂಚಿನಲ್ಲಿ ಮಡಚಿದ ಮುಖ್ಯ ಗಾಳಿಯ ಹೋಸ್ ಅರ್ಧ ಮುಚ್ಚಿಕೊಂಡಿತು. ಮುದ್ರಿಕೆಯಲ್ಲಿ ಹದಿನೈದನೆಯ ನಿಮಿಷಕ್ಕೆ "ಸರ್, ಗಾಳಿ ಸಣ್ಣಾಯ್ತು" ಎಂಬ ಮಾತಿದೆ. ಅದರ ಬೆನ್ನಿಗೇ, ತುರ್ತು ಗಾಳಿಯ ಬಾಟಲಿಯಾದ ಬೇಲ್‌ಔಟ್ ತೆರೆಯಲು ಸೂಪರ್‌ವೈಸರ್ ದನಿ: "ಬೇಲ್‌ಔಟ್ ತೆಗಿ. ಮಾತಾಡಬೇಡ, ಉಸಿರು ನಿಧಾನ. ಹುಡುಗ ಬರ್ತಾ ಇದ್ದಾನೆ."

ಇಲ್ಲಿಂದ ಮುಂದೆ ಸೂಪರ್‌ವೈಸರ್ ಮಾಡಿದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ ಅವರ ಅನುಭವದ ಬೆಲೆ ತಿಳಿಯುತ್ತದೆ. ಮುಚ್ಚಿಕೊಂಡ ಹೋಸ್ ಮೂಲಕ ಸ್ವಲ್ಪವಾದರೂ ಹೆಚ್ಚು ಗಾಳಿ ಹೋಗಲಿ ಎಂದು ಪ್ಯಾನೆಲ್‌ನ ಪೂರೈಕೆ ಒತ್ತಡವನ್ನು ಏರಿಸಿದರು. ಆಳ ಅಳೆಯುವ ನ್ಯೂಮೊ ಹೋಸ್ ಅಂಬಿಲಿಕಲ್‌ನೊಳಗಿನ ಸಣ್ಣ ಕೊಳವೆ. ಮಡಚಿದ ಜಾಗದಲ್ಲಿ ಅದು ಮುಚ್ಚಿರಲಾರದು ಎಂದು ಊಹಿಸಿ ಅದರ ವಾಲ್ವ್ ತೆರೆದು, ಅದರ ತುದಿಯನ್ನು ಹೆಲ್ಮೆಟ್‌ನ ನೆಕ್ ಡ್ಯಾಮ್ (ಕುತ್ತಿಗೆಗೆ ಬಿಗಿಯುವ ಪಟ್ಟಿ) ಕೆಳಗೆ ತೂರಿಸಿಕೊಳ್ಳಲು ಡೈವರ್‌ಗೆ ಹೇಳಿದರು. ಊಹೆ ಸರಿಯಾಗಿತ್ತು. ಡೈವರ್ ಮೂರು ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ಗಾಳಿ ಪಡೆದು ಬೇಲ್‌ಔಟ್ ಬಾಟಲಿಯನ್ನು ಉಳಿಸಿಕೊಂಡರು. ಹಡಗನ್ನು ಅಲುಗಿಸದಂತೆ ಅದನ್ನು ನಡೆಸುವ ಬ್ರಿಜ್ ಕೊಠಡಿಗೆ ಸೂಚನೆ ಹೋಯಿತು. ಬಾಸ್ಕೆಟ್ ಏರಿಸಿ ಇಳಿಸಿ ಸಡಿಲ ಕೊಡೋಣವೇ ಎಂದು ಗ್ರಾಹಕರ ಪ್ರತಿನಿಧಿ ಕೇಳಿದ್ದೂ ಮುದ್ರಿಕೆಯಲ್ಲಿದೆ. ಯಾವ ಕಡೆ ಬಿಗಿಯುತ್ತದೆ ಎಂದು ಗೊತ್ತಿಲ್ಲದೆ ಎಳೆಯುವುದಿಲ್ಲ ಎಂದು ಸೂಪರ್‌ವೈಸರ್ ಅದನ್ನು ನಿರಾಕರಿಸಿದರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ನಿರಾಕರಣೆ.

ಸ್ಟ್ಯಾಂಡ್‌ಬೈ ಡೈವರ್ ಹೆಲ್ಮೆಟ್ ಒಂದನ್ನು ಬಿಟ್ಟು ಪೂರ್ತಿ ಸಜ್ಜಾಗಿಯೇ ಕುಳಿತಿದ್ದರಿಂದ ಪಕ್ಕದ ಬಾಸ್ಕೆಟ್‌ನಲ್ಲಿ ಹದಿನೆಂಟನೆಯ ನಿಮಿಷದ ಹೊತ್ತಿಗೆ ಅದೇ ಆಳಕ್ಕೆ ಬಂದಿದ್ದ. ಮೇಲಿನ ತೊಲೆಯ ಮೇಲಿಂದ ಹಾದು ಹತ್ತೊಂಬತ್ತನೆಯ ನಿಮಿಷಕ್ಕೆ ಸಿಕ್ಕಿಕೊಂಡವರನ್ನು ಕಂಡ. ಕಂಡನೇ ಹೊರತು ಮುಟ್ಟಲಾಗಲಿಲ್ಲ. "ಅಂಬಿಲಿಕಲ್ ಮುಗೀತು ಸರ್, ಇನ್ನೆರಡು ಮೊಳ ಬೇಕು." ಟೆಂಡರ್ ಕಟ್ಟನ್ನು ಪರೀಕ್ಷಿಸಿ, 24ರ ಗುರುತಿನಲ್ಲೇ ಇದೆ ಎಂದು ಉತ್ತರಿಸಿದ.

ಪ್ರಕರಣದ ತಿರುಳು ಈ ಕ್ಷಣದಲ್ಲಿದೆ. ಸೂಪರ್‌ವೈಸರ್ ಮುಂದೆ ಇದ್ದ ಮಾಹಿತಿಯ ಪ್ರಕಾರ ಸ್ಟ್ಯಾಂಡ್‌ಬೈ ಡೈವರ್ ಆಗಲೇ ಥ್ರಸ್ಟರ್‌ಗಿಂತ ಬರೀ 3 ಮೀಟರ್ ಈಚೆಗಿನ ಮಿತಿಯಲ್ಲಿದ್ದಾನೆ. ಕಟ್ಟು ಬಿಚ್ಚಿ ಇನ್ನೆರಡು ಮೀಟರ್ ಕೊಟ್ಟರೆ ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬನನ್ನು ಅಪಾಯಕ್ಕೆ ದೂಡಿದಂತೆ. ಅವರು ಕಟ್ಟು ಬಿಚ್ಚಲಿಲ್ಲ. ವಾಸ್ತವದಲ್ಲಿ ಆ ಅಂಬಿಲಿಕಲ್ ಬಾಸ್ಕೆಟ್‌ನಿಂದಾಚೆಗೆ ಇದ್ದದ್ದು 21 ಮೀಟರ್ ಮಾತ್ರ. ಮೂರು ಮೀಟರ್ ಧಾರಾಳವಾಗಿ ಕೊಡಬಹುದಿತ್ತು. ಸುಳ್ಳು ಗುರುತು ಎರಡು ಸಲ ಕೆಡುಕು ಮಾಡಿತು: ಮೊದಲು ಸ್ಟ್ಯಾಂಡ್‌ಬೈ ಡೈವರ್‌ನನ್ನು ಈಚೆಗೆ ನಿಲ್ಲಿಸಿ, ಆಮೇಲೆ ನಿಯಮ ತಿಳಿದ ಸೂಪರ್‌ವೈಸರ್ ಕೈಯನ್ನು ಆ ನಿಯಮದಿಂದಲೇ ಕಟ್ಟಿಹಾಕಿ. ನಿಯಮ ಮುರಿಯುವ ಸ್ವಭಾವದವರು ಅಲ್ಲಿದ್ದಿದ್ದರೆ ಡೈವರ್ ಬೇಗ ಬಿಡುಗಡೆಯಾಗುತ್ತಿದ್ದರು. ಈ ವಿಪರ್ಯಾಸವನ್ನು ತನಿಖಾ ವರದಿಯ ಮೊದಲ ಕರಡಿನಲ್ಲಿ ಬಿಟ್ಟಿದ್ದರು, ಒತ್ತಾಯ ಮಾಡಿ ಸೇರಿಸಬೇಕಾಯಿತು.

ಕೊನೆಗೆ ಸೂಪರ್‌ವೈಸರ್ ಹೆಲ್ಮೆಟ್ ಕ್ಯಾಮೆರಾದ ಚಿತ್ರ ನೋಡುತ್ತ, ಸ್ಟ್ಯಾಂಡ್‌ಬೈ ಡೈವರ್‌ನನ್ನು ಹಿಂದಕ್ಕೆ ಕರೆಸಿ, ತೊಲೆಯ ಮೇಲಿಂದ ಬದಲು ಕೆಳಗಿನಿಂದ ನೇರವಾಗಿ ಹೋಗಿಸಿದರು. ಸುತ್ತು ತಪ್ಪಿ ಬೇಕಾದಷ್ಟು ಉದ್ದ ಸಿಕ್ಕಿತು. ಇಪ್ಪತ್ತಮೂರನೆಯ ನಿಮಿಷಕ್ಕೆ ಹೋಸ್ ಕೊಕ್ಕೆಯಿಂದ ಬಿಡುಗಡೆಯಾಯಿತು. ಇಬ್ಬರೂ ಬಾಸ್ಕೆಟ್ ಸೇರಿ ತಳ ಬಿಡುವಾಗ ಇಪ್ಪತ್ತೇಳು ನಿಮಿಷವಾಗಿತ್ತು. ಅವರು ಬಳಸುತ್ತಿದ್ದ ಅಮೆರಿಕ ನೌಕಾಪಡೆಯ ಕೋಷ್ಟಕದಲ್ಲಿ 30 ಮೀಟರ್‌ಗೆ ನಿಲ್ಲದೆ ಬರಬಹುದಾದ ಅವಧಿ 25 ನಿಮಿಷ. ಮಿತಿ ದಾಟಿದ್ದರಿಂದ, ದೇಹದಲ್ಲಿ ಸೇರಿದ ಅನಿಲ ನಿಧಾನವಾಗಿ ಹೊರಹೋಗಲೆಂದು ನೀರಿನಲ್ಲೇ ಕೋಷ್ಟಕದಂತೆ ನಿಂತು, ಮೇಲೆ ಬಂದ ಬಳಿಕ ಡೆಕ್ ಚೇಂಬರ್ ಪಕ್ಕದಲ್ಲಿ ನಿಗಾ ಇರಿಸಲಾಯಿತು. ಯಾವ ರೋಗಲಕ್ಷಣವೂ ಕಾಣಲಿಲ್ಲ.

ಮೂರು ಮೀಟರ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಡಗಿನಲ್ಲಲ್ಲ, ನವಿ ಮುಂಬಯಿಯ ತಳೋಜಾ ಕಡೆಯ ಗೋದಾಮಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಇಂಥ ಕೆಲಸಕ್ಕೆ ಆಸ್ಪದ ಕೊಡುವುದಿಲ್ಲವಾದ್ದರಿಂದ ಡೈವಿಂಗ್ ಸಾಮಗ್ರಿಯೆಲ್ಲ ಮಳೆಗಾಲದಲ್ಲಿ ದಡಕ್ಕೆ ಬರುತ್ತದೆ. ದುರಸ್ತಿ, ಒತ್ತಡ ಪರೀಕ್ಷೆ, ಗೇಜ್‌ಗಳ ಹೊಂದಾಣಿಕೆ ನಡೆಯುವುದು ಆಗಲೇ. ಜುಲೈಯಲ್ಲಿ ಈ ಅಂಬಿಲಿಕಲ್‌ನ ಡೈವರ್ ತುದಿಯಲ್ಲಿ ಹೋಸ್‌ನ ಹೊರಪದರ ಸವೆದಿರುವುದನ್ನು ಟೆಕ್ನೀಶಿಯನ್ ಕಂಡರು. 3 ಮೀಟರ್ ಕತ್ತರಿಸಿ, ಹೊಸ ಫಿಟ್ಟಿಂಗ್ ಹಾಕಿ, ಒತ್ತಡ ಪರೀಕ್ಷೆ ಮಾಡಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಪರೀಕ್ಷಿಸಿದವರು ಪ್ರಮಾಣಪತ್ರ ಕೊಟ್ಟರು. ಕತ್ತರಿಸಿದ್ದನ್ನು ಟೆಕ್ನೀಶಿಯನ್ ತಮ್ಮ ಕೆಲಸದ ಪುಸ್ತಕದಲ್ಲಿ ತಾರೀಕು ಸಹಿತ ಬರೆದೂ ಇದ್ದರು. ಆದರೆ ಟೇಪಿನ ಗುರುತುಗಳನ್ನು ಯಾರೂ ಬದಲಿಸಲಿಲ್ಲ, ಮತ್ತು ಕಂಪ್ಯೂಟರ್‌ನಲ್ಲಿದ್ದ ಉಪಕರಣಗಳ ರಿಜಿಸ್ಟರ್‌ನಲ್ಲಿ ಉದ್ದದ ಅಂಕಣ 100 ಮೀಟರ್ ಎಂದೇ ಉಳಿಯಿತು. ಆ ರಿಜಿಸ್ಟರ್ ಪ್ರಮಾಣಪತ್ರದ ಅವಧಿಯನ್ನು ಕಾಯುವುದಕ್ಕೆಂದೇ ರಚನೆಯಾಗಿತ್ತು. ಅವಧಿ ಮುಗಿಯುವ ತಿಂಗಳ ಮೊದಲು ಕೆಂಪು ಬಣ್ಣ ತೋರಿಸುತ್ತಿತ್ತು, ಪರೀಕ್ಷೆಯಾದರೆ ಹಸಿರು. ವಸ್ತುವಿನ ದೇಹದಲ್ಲಿ ಆದ ಬದಲಾವಣೆಯನ್ನು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ.

ಹಡಗು ಹೊರಡುವಾಗ ಈ ಅಂಬಿಲಿಕಲ್ ಸ್ಟ್ಯಾಂಡ್‌ಬೈ ಸ್ಥಾನಕ್ಕೆ ಬಂತು. ಡೆಕ್‌ನಲ್ಲಿ ಗಾಳಿಯ ಹರಿವು, ಮಾತಿನ ತಂತಿ, ದೀಪ, ನ್ಯೂಮೊ ಎಲ್ಲವನ್ನೂ ಪರೀಕ್ಷಿಸಿದರು. ಉದ್ದ ಅಳೆಯಲಿಲ್ಲ. ಅಳೆಯಬೇಕೆಂದು ಚೆಕ್‌ಲಿಸ್ಟ್‌ನಲ್ಲಿ ಇರಲಿಲ್ಲ, ಡೆಕ್ ತುಂಬ ಸಾಮಾನಿದ್ದಾಗ ನೂರು ಮೀಟರ್ ಬಿಚ್ಚಿ ಹಾಸುವುದೂ ಸುಲಭವಲ್ಲ. ವ್ಯಂಗ್ಯವೆಂದರೆ ಇದೇ ಅಂಬಿಲಿಕಲ್ ಕೆಲಸದ ಡೈವರ್‌ನದ್ದಾಗಿದ್ದರೆ ಈ ತಪ್ಪು ಸುರಕ್ಷತೆಯ ಕಡೆಗೇ ವಾಲುತ್ತಿತ್ತು, ಡೈವರ್ ಥ್ರಸ್ಟರ್‌ನಿಂದ ಇನ್ನೂ ಮೂರು ಮೀಟರ್ ದೂರ ಇರುತ್ತಿದ್ದರು, ಅಷ್ಟೆ. ತಪ್ಪೊಂದೇ, ಕೂತ ಜಾಗ ಬೇರೆಯಾದಾಗ ಫಲವೂ ಬೇರೆ.

ಎರಡನೆಯ ಸಂಖ್ಯೆ ಬೇಲ್‌ಔಟ್ ಬಾಟಲಿಯದು. ಮೇಲಿನ ಗಾಳಿ ನಿಂತರೆ ಬಾಸ್ಕೆಟ್ ತಲುಪುವಷ್ಟು ಹೊತ್ತು ಉಸಿರಾಡಲು ಡೈವರ್ ಬೆನ್ನಿಗೆ ಹೊತ್ತಿರುವ ಬಾಟಲಿ ಇದು. ಇದರ ಸಾಮರ್ಥ್ಯವನ್ನು ಅಂದಾಜಿನಿಂದಲ್ಲ, ಲೆಕ್ಕದಿಂದ ತೋರಿಸಬೇಕು, ಪ್ರತಿ 10 ಮೀಟರ್ ದೂರಕ್ಕೆ ಕನಿಷ್ಠ ಒಂದು ನಿಮಿಷ ಸಿಗಬೇಕು. ತಂಡದ ಲೆಕ್ಕ ಹೀಗಿತ್ತು: 12 ಲೀಟರ್ ಬಾಟಲಿ, 200 ಬಾರ್ ಒತ್ತಡ, ರೆಗ್ಯುಲೇಟರ್ ಕೆಲಸ ಮಾಡಲು 10 ಬಾರ್ ಮತ್ತು 30 ಮೀಟರ್ ಆಳದ 4 ಬಾರ್ ಕಳೆದರೆ 186 ಬಾರ್, ಎಂದರೆ 2232 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಉಸಿರು ಎಂದು ಹಿಡಿದರೆ ಆ ಆಳದಲ್ಲಿ ಅದು 160 ಲೀಟರ್ ಆಗುತ್ತದೆ, ಹೀಗಾಗಿ ಸುಮಾರು 14 ನಿಮಿಷ. 22 ಮೀಟರ್‌ಗೆ ಬೇಕಾದದ್ದು ಎರಡೂಕಾಲು ನಿಮಿಷ. ಕಾಗದದ ಮೇಲೆ ಆರು ಪಟ್ಟು ಧಾರಾಳ.

ಡೈವ್ ಮುಗಿದಾಗ ಬಾಟಲಿಯಲ್ಲಿ ಉಳಿದ ಒತ್ತಡ ಮತ್ತು ಹೆಲ್ಮೆಟ್ ಕ್ಯಾಮೆರಾದಲ್ಲಿ ಒಂದು ಕ್ಷಣ ಕಂಡ ಗೇಜ್ ಇವೆರಡನ್ನೂ ಹೋಲಿಸಿದಾಗ, ನೀರಿಗಿಳಿಯುವಾಗಲೇ ಅದು 150 ಬಾರ್‌ನಲ್ಲಿತ್ತು ಎಂದು ತಿಳಿಯಿತು. ಹಿಂದಿನ ಸಂಜೆ ಅದೇ ಬಾಟಲಿಯಿಂದ ತುರ್ತು ಅಭ್ಯಾಸ ನಡೆಸಿ ಮತ್ತೆ ತುಂಬಿರಲಿಲ್ಲ. ಚೆಕ್‌ಲಿಸ್ಟ್‌ನಲ್ಲಿ ಮಾತ್ರ 200 ಎಂದಿತ್ತು. ಹಿಂದಿನ ಚೆಕ್‌ಲಿಸ್ಟ್‌ಗಳನ್ನು ತರಿಸಿ ನೋಡಿದೆವು. ಪ್ರತಿಯೊಂದರಲ್ಲೂ 200. ಗೇಜ್ ನಿಜವಾಗಿ ಓದಿದವರ ಕೈಯಲ್ಲಿ 195, 190, 205 ಎಂಬಂಥ ಅಂಕಿಗಳು ಬೀಳುತ್ತವೆ, ಏಕೆಂದರೆ ತುಂಬುವಾಗ ಬಿಸಿಯಾದ ಬಾಟಲಿ ತಣಿದಂತೆ ಒತ್ತಡ ಇಳಿಯುತ್ತದೆ. ಒಂದೇ ಅಂಕಿ ಸಾಲಾಗಿ ನಿಂತಿದ್ದರೆ ಅದು ಓದಿದ ಅಂಕಿಯಲ್ಲ, ಬರೆದ ಅಂಕಿ. ಇದನ್ನು ತಪಾಸಣೆಗೆ ಹೋಗುವ ಯಾರಾದರೂ ಐದು ನಿಮಿಷದಲ್ಲಿ ಕಂಡುಹಿಡಿಯಬಹುದು. ಆದರೆ ತಪಾಸಣೆಯಲ್ಲಿ ಅಂಕಣ ತುಂಬಿದೆಯೇ ಎಂದು ನೋಡುವವರೇ ಹೆಚ್ಚು.

ಇದಕ್ಕೆ ಪ್ರತಿಯಾಗಿ, ಹೆಲ್ಮೆಟ್‌ನ ನಾನ್-ರಿಟರ್ನ್ ವಾಲ್ವ್ ಪರೀಕ್ಷೆ ಆ ಹಡಗಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹೋಸ್ ಮೇಲ್ಗಡೆ ಒಡೆದರೆ ಡೈವರ್‌ನ ಮುಖದ ಮೇಲಿನ ಗಾಳಿಯನ್ನೇ ಹೀರಿಕೊಂಡು ಹೋಗದಂತೆ ತಡೆಯುವ ವಾಲ್ವ್ ಅದು. ಟೆಂಡರ್ ಅದನ್ನು ಬಾಯಿಂದ ಹೀರಿ ನೋಡಬೇಕು, ಗಾಳಿ ಹಿಂದಕ್ಕೆ ಬಂದರೆ ತಕ್ಷಣ ಗೊತ್ತಾಗುತ್ತದೆ. ದೇಹ ತೊಡಗಿಸಿ ಮಾಡಬೇಕಾದ ಪರೀಕ್ಷೆ ಉಳಿದುಕೊಳ್ಳುತ್ತದೆ, ಬರೆದರೆ ಮುಗಿಯುವ ಪರೀಕ್ಷೆ ಬರವಣಿಗೆಯಾಗಿ ಇಳಿಯುತ್ತದೆ ಎಂಬುದು ಇಂಥ ಹಲವು ಕಡತಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿದೆ.

ಎರಡು ತಪ್ಪುಗಳು ಸೇರಿದಾಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದೆವು. ಭಯ ಮತ್ತು ಶ್ರಮದಲ್ಲಿ ಉಸಿರಾಟ ನಿಮಿಷಕ್ಕೆ 75 ಲೀಟರ್‌ಗೆ ಏರುವುದು ಅಸಾಧಾರಣವೇನಲ್ಲ. 30 ಮೀಟರ್‌ನಲ್ಲಿ ಅದು 300 ಲೀಟರ್. ಬೇಲ್‌ಔಟ್ ಒಂದನ್ನೇ ನಂಬಿದ್ದರೆ ತುಂಬಿದ ಬಾಟಲಿ ಏಳೂವರೆ ನಿಮಿಷ ಬರುತ್ತಿತ್ತು, ಅಂದಿನ 150 ಬಾರ್ ಐದೂವರೆ ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಅಂಬಿಲಿಕಲ್ ಗುರುತು ಸರಿಯಾಗಿದ್ದರೆ ಗಾಳಿ ಕುಗ್ಗಿದ ಐದು ನಿಮಿಷಗಳಲ್ಲಿ ಡೈವರ್ ಬಿಡುಗಡೆಯಾಗುತ್ತಿದ್ದರು, ಆಗಿದ್ದು ಎಂಟು ನಿಮಿಷಕ್ಕೆ. ಉದ್ದ ಸರಿಯಿದ್ದಿದ್ದರೆ ಕಡಿಮೆ ತುಂಬಿದ ಬಾಟಲಿಯೂ ಕೂದಲೆಳೆಯಲ್ಲಿ ಸಾಕಾಗುತ್ತಿತ್ತು. ಉದ್ದ ತಪ್ಪಿದ್ದ ಮೇಲೆ ತುಂಬಿದ ಬಾಟಲಿಯೂ ಸಾಲುತ್ತಿರಲಿಲ್ಲ. ನ್ಯೂಮೊ ಹೋಸ್ ತೆರೆದಿತ್ತು, ಮುಖ್ಯ ಹೋಸ್ ಪೂರ್ತಿ ಮುಚ್ಚಲಿಲ್ಲ ಎಂಬ ಎರಡು ಅನುಕೂಲಗಳಿಂದಷ್ಟೇ ಬಾಟಲಿಯಲ್ಲಿ ಕೊನೆಗೆ 95 ಬಾರ್ ಉಳಿದಿತ್ತು.

ಮುಂಬಯಿಯಲ್ಲಿ ಡೈವಿಂಗ್ ಸುರಕ್ಷತೆಯ ಮಾತು ಬಂದರೆ ಜನ 2005ರ ಜುಲೈ 27ನ್ನು ನೆನೆಯುತ್ತಾರೆ. ಅಂದು 'ಸಮುದ್ರ ಸುರಕ್ಷಾ' ಎಂಬ ಹಡಗು ಬಾಂಬೆ ಹೈ ಉತ್ತರ ಪ್ಲಾಟ್‌ಫಾರ್ಮ್‌ಗೆ ತಾಗಿ ಬೆಂಕಿ ಹೊತ್ತಿತು, 22 ಮಂದಿ ಸತ್ತರು. ಹಡಗಿನ ಸ್ಯಾಚುರೇಶನ್ ಚೇಂಬರ್‌ನಲ್ಲಿ ಒತ್ತಡದಲ್ಲಿದ್ದ ಆರು ಡೈವರ್‌ಗಳನ್ನು ಸುಮಾರು 36 ಗಂಟೆಗಳ ಬಳಿಕ ಪಾರುಮಾಡಲಾಯಿತು. ಅಂಥ ನೆನಪಿನ ಮುಂದೆ ಟೇಪಿನ ಗುರುತು ಅಲ್ಪ ವಿಷಯವಾಗಿ ಕಾಣುವುದು ಸಹಜ. ತನಿಖೆಯ ಮೊದಲ ಸಭೆಯಲ್ಲಿ ಒಬ್ಬರು ಹಾಗೆಂದೂ ಹೇಳಿದರು, ಟೆಕ್ನೀಶಿಯನ್‌ಗೆ ನೋಟಿಸ್ ಕೊಟ್ಟು ಕಡತ ಮುಚ್ಚೋಣ ಎಂದು ಸೂಚಿಸಿದರು.

ಅದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಟೆಕ್ನೀಶಿಯನ್ ತಾವು ಮಾಡಿದ್ದನ್ನು ಬರೆದಿಟ್ಟಿದ್ದರು. ವಿಚಾರಣೆಯಲ್ಲಿ ಅವರು ಹೇಳಿದ್ದು ಸರಳವಾಗಿತ್ತು: "ಸರ್, ಅದು ಯಾವ ಹಡಗಿಗೆ, ಯಾವ ಜಾಗಕ್ಕೆ ಹೋಗ್ತದೆ ಅಂತ ಜುಲೈಯಲ್ಲಿ ನನಗೆ ಗೊತ್ತಿರಲಿಲ್ಲ. ನನ್ನ ಪುಸ್ತಕವನ್ನು ಯಾರೂ ಕೇಳಲಿಲ್ಲ." ದಡದಲ್ಲಿ ಉಪಕರಣ ಬದಲಿಸುವವನು ಒಬ್ಬ, ಕಡಲಲ್ಲಿ ಆ ಉಪಕರಣದ ಉದ್ದ ನಂಬಿ ಲೆಕ್ಕ ಹಾಕುವವನು ಇನ್ನೊಬ್ಬ. ಇವರಿಬ್ಬರ ನಡುವೆ ಹೋದದ್ದು ಪ್ರಮಾಣಪತ್ರವೊಂದೇ. ಹೋಸ್ ಒತ್ತಡ ತಡೆಯುತ್ತದೆ ಎಂದು ಅದು ಹೇಳಿತು, ಅದು ನಿಜವೂ ಆಗಿತ್ತು. ಉದ್ದದ ಬಗ್ಗೆ ಅದನ್ನು ಯಾರೂ ಕೇಳಿರಲಿಲ್ಲ.

ಬಂದ ಬದಲಾವಣೆಗಳಲ್ಲಿ ಅತಿ ಉಪಯುಕ್ತವಾದುದು ಕಾಗದಕ್ಕೆ ಸಂಬಂಧಿಸಿದ್ದಲ್ಲ. ಪ್ರತಿ ಬಾರಿ ಹಡಗು ಸಜ್ಜಾಗುವಾಗ ಎರಡೂ ಅಂಬಿಲಿಕಲ್‌ಗಳನ್ನು ಕಟ್ಟುವ ಗುರುತಿನಿಂದ ಡೈವರ್ ತುದಿಯವರೆಗೆ ಡೆಕ್ ಮೇಲೆ ಪಕ್ಕಪಕ್ಕದಲ್ಲಿ ಹಾಸಿ, ಸ್ಟ್ಯಾಂಡ್‌ಬೈ ತುದಿ 2 ಮೀಟರ್ ಮುಂದೆ ಬರುತ್ತದೆಯೇ ಎಂದು ಕಣ್ಣಿನಿಂದಲೇ ನೋಡುತ್ತಾರೆ. ಇದಕ್ಕೆ ನೂರು ಮೀಟರ್ ಬಿಚ್ಚಬೇಕಿಲ್ಲ, ಇಪ್ಪತ್ತೈದು ಮೀಟರ್ ಸಾಕು. ಕತ್ತರಿಸಿದ ಅಂಬಿಲಿಕಲ್‌ಗೆ ಮರುಗುರುತು ಮಾಡಿ, ಡೈವರ್ ತುದಿಯಲ್ಲೇ ಲೋಹದ ಬಿಲ್ಲೆಯಲ್ಲಿ ಹೊಸ ಉದ್ದವನ್ನು ಕೊರೆಯುವ ತನಕ ಅದನ್ನು ಗೋದಾಮಿನಿಂದ ಹೊರಗೆ ಬಿಡುವಂತಿಲ್ಲ. ರಿಜಿಸ್ಟರ್‌ನಲ್ಲಿ ದುರಸ್ತಿಯ ಅಂಕಣ ಬಂತು, ಹೊರಡುವ ಮೊದಲು ಸೂಪರ್‌ವೈಸರ್ ಟೆಕ್ನೀಶಿಯನ್‌ನ ಪುಸ್ತಕ ಓದಿ ಸಹಿ ಮಾಡಬೇಕು. ಬೇಲ್‌ಔಟ್ ಒತ್ತಡವನ್ನು ಟೆಂಡರ್ ಗೇಜ್ ನೋಡಿ ಗಟ್ಟಿಯಾಗಿ ಹೇಳುತ್ತಾನೆ, ಡೈವರ್ ತಾನೂ ನೋಡಿ ಮರುನುಡಿಯುತ್ತಾನೆ, ಅದು ಧ್ವನಿಮುದ್ರಿಕೆಗೆ ಹೋಗುತ್ತದೆ. 190ಕ್ಕಿಂತ ಕಡಿಮೆಯಿದ್ದರೆ ಬಾಟಲಿ ಬದಲಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಬೇಲ್‌ಔಟ್ ಲೆಕ್ಕವನ್ನು 40 ಲೀಟರ್‌ನಿಂದ 75ಕ್ಕೆ ಏರಿಸಿ, ಜೊತೆಗೆ ಸ್ಟ್ಯಾಂಡ್‌ಬೈ ಡೈವರ್ ಬಂದು ಬಿಡಿಸುವ ಸಮಯವನ್ನೂ ಸೇರಿಸಬೇಕು ಎಂದು ನಾವು ಇಬ್ಬರು ವಾದಿಸಿದೆವು. ಬಾಸ್ಕೆಟ್‌ಗೆ ನೇರವಾಗಿ ಹಿಂದಿರುಗುವ ಡೈವರ್‌ನನ್ನೇ ಕಲ್ಪಿಸಿಕೊಂಡು ಹಾಕಿದ ಲೆಕ್ಕ ಸಿಕ್ಕಿಕೊಂಡವನಿಗೆ ಅನ್ವಯಿಸುವುದಿಲ್ಲ. ಆದರೆ ಹಾಗೆ ಮಾಡಿದರೆ ಜೋಡಿ ಬಾಟಲಿ ಹೊರಬೇಕು, ಅದರ ಗಾತ್ರ ಜಾಕೆಟ್‌ನ ಇಕ್ಕಟ್ಟಿನ ತೊಲೆಗಳ ನಡುವೆ ತಾನೇ ಸಿಕ್ಕಿಕೊಳ್ಳುವ ಕಾರಣವಾಗಬಹುದು ಎಂಬುದು ಡೈವರ್‌ಗಳ ಆಕ್ಷೇಪ, ಮತ್ತು ಕಾರವಾರದ ಆ ಡೈವರ್ ಕೂಡ ಆ ಪಕ್ಷದಲ್ಲೇ ಇದ್ದರು. ಸದ್ಯಕ್ಕೆ 30 ಮೀಟರ್‌ಗಿಂತ ಆಳದ, ಇಕ್ಕಟ್ಟಿಲ್ಲದ ಕೆಲಸಗಳಿಗೆ ಮಾತ್ರ ಜೋಡಿ ಬಾಟಲಿ ಎಂದು ತೀರ್ಮಾನವಾಗಿದೆ. ಇಕ್ಕಟ್ಟಿನ ಜಾಗದಲ್ಲಿ ಒಂದೇ ಬಾಟಲಿ ಸಾಕು, ಆದರೆ ಅಂಥ ಕೆಲಸದಲ್ಲಿ ಸ್ಟ್ಯಾಂಡ್‌ಬೈ ಡೈವರ್ ಡೆಕ್‌ನಲ್ಲಲ್ಲ, ನೀರಿನಲ್ಲಿ ಬಾಸ್ಕೆಟ್‌ನೊಳಗೇ ಕಾಯಬೇಕು.